ದುಡಿಮೆಗೆ ಕಾಗದವೂ ಬೇಕು

(ಹಾಸನದಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಪರೀಕ್ಷೆಯ ಫಲಿತಾಂಶ ಬರುವ ಕಾಲದಲ್ಲಿ ನಮ್ಮ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ. ಹುಡುಗ ಪಾಸಾದ, ಹುಡುಗಿ ಪಾಸಾದಳು, ಇನ್ನು ಮುಂದೇನು? ಹಾಸನದಲ್ಲಿ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜು 1960ರಲ್ಲಿ ಆರಂಭವಾದ ಕಾಲಕ್ಕೆ ಹಳ್ಳಿಯ ಹುಡುಗನೊಬ್ಬ ಕಾಲೇಜಿನ ಮೆಟ್ಟಿಲು ಹತ್ತಿದರೆ ಅದೇ ದೊಡ್ಡ ಮಾತಾಗಿತ್ತು. ಇಂದು ಹಾಸನದಲ್ಲಿ ಮಾತ್ರವಲ್ಲ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ಸರ್ಕಾರದ ಪದವಿ ಕಾಲೇಜುಗಳಿವೆ. ಅಲ್ಲಿಂದ ಹೊರಬರುವವರಲ್ಲಿ ಅನೇಕರು ನಮ್ಮ ನಿಮ್ಮ ಮನೆಯ ಮಕ್ಕಳೇ. ತಂದೆ ಗಿರಣಿಯಲ್ಲಿ ಪಾಳಿ ಮಾಡುತ್ತಾನೆ, ಇಲ್ಲವೇ ತಾಯಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ, ಇಲ್ಲವೇ ಪೇಟೆಬೀದಿಯಲ್ಲಿ ಹತ್ತಡಿ ಅಗಲದ ಒಂದು ಅಂಗಡಿಯಿದೆ. ಆ ಮನೆಯಿಂದ ಒಬ್ಬ ಪದವೀಧರ ನೌಕರಿ ಹುಡುಕಲು ಹೊರಡುತ್ತಾನೆ. ಹೊರಡುವಾಗ ಅವನ ಕೈಯಲ್ಲಿರುವುದು ಒಂದು ಹಾಳೆ. ಹಿಂದೆ ಅದನ್ನು ಬಯೋಡೇಟಾ ಎನ್ನುತ್ತಿದ್ದೆವು, ಈಗಿನ ಹುಡುಗರು ರೆಸ್ಯೂಮ್ ಎನ್ನುತ್ತಾರೆ. ಆ ಹಾಳೆಯ ವಿಚಾರವನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇವೆ.

ಕೂಲಿ, ಬೋನಸ್ಸು, ಬಾಡಿಗೆ, ತೆರಿಗೆಗಳ ಮಾತು ಬಿಟ್ಟು ಇದನ್ನೇಕೆ ಎತ್ತುತ್ತೀರಿ ಎಂದು ಕೆಲವರು ಕೇಳಬಹುದು. ಕೂಲಿಯ ಮಾತು ಬರುವುದು ಗೇಟಿನ ಒಳಗೆ ಹೋದ ಮೇಲೆ. ಗೇಟಿನ ಹೊರಗೆ ನಿಂತವನಿಗೆ ಈ ಹಾಳೆಯೇ ಬಾಯಿ. ಉಳ್ಳವರ ಮಗನ ಹಾಳೆ ಕೆಟ್ಟದ್ದಾಗಿದ್ದರೂ ನಡೆದೀತು. ಅವನ ಪರವಾಗಿ ಸೋದರಮಾವನೋ ಚಿಕ್ಕಪ್ಪನೋ ಫೋನು ಮಾಡುತ್ತಾರೆ. ವಶೀಲಿಯಿಲ್ಲದ ಮನೆಯ ಮಕ್ಕಳ ಪರವಾಗಿ ಮಾತಾಡುವವರು ಯಾರು? ಆದ್ದರಿಂದ ಇದು ದುಡಿಯುವ ಜನರೇ ಯೋಚಿಸಬೇಕಾದ ವಿಷಯ.

ಈಗ ಈ ಹಾಳೆ ಹೇಗೆ ತಯಾರಾಗುತ್ತಿದೆ ನೋಡಿ. ಹುಡುಗ ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗುತ್ತಾನೆ. ಅಲ್ಲಿನ ಕಂಪ್ಯೂಟರಿನಲ್ಲಿ ಹಳೆಯದೊಂದು ನಮೂನೆ ಇರುತ್ತದೆ. ಹೆಸರು, ಊರು, ಅಂಕ ಬದಲಾಯಿಸಿ ಹತ್ತು ಪ್ರತಿ ತೆಗೆದುಕೊಡುತ್ತಾರೆ. ತಲೆಯ ಮೇಲೆ ಇಂಗ್ಲಿಷಿನಲ್ಲಿ ಜೀವನದ ಧ್ಯೇಯ ಕುರಿತು ಎರಡು ಸಾಲು. ಅದರ ಅರ್ಥವೇನೆಂದು ಸಂದರ್ಶನದಲ್ಲಿ ಕೇಳಿದರೆ ಹುಡುಗನಿಗೆ ಹೇಳಲಾಗದು. ಕೆಳಗೆ ಪರಿಶ್ರಮಿ, ಪ್ರಾಮಾಣಿಕ, ಎಲ್ಲರೊಡನೆ ಹೊಂದಿಕೊಳ್ಳುವವ ಎಂಬ ಗುಣಗಳ ಪಟ್ಟಿ. ಆಮೇಲೆ ತಂದೆಯ ಹೆಸರು, ಜಾತಿ, ಧರ್ಮ, ಮದುವೆಯಾಗಿದೆಯೋ ಇಲ್ಲವೋ, ಹವ್ಯಾಸ ಕ್ರಿಕೆಟ್. ಹತ್ತು ಹುಡುಗರ ಹಾಳೆಗಳನ್ನು ಜೋಡಿಸಿಟ್ಟರೆ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ. ಆರಿಸುವವನಿಗೆ ಇದರಿಂದ ತಿಳಿಯುವುದೇನು? ಏನೂ ಇಲ್ಲ. ಇನ್ನು 'ಕೆಲಸದ ಅನುಭವ' ಎಂಬ ಕಡೆ ಬರೆದಿರುವುದು ಒಂದೇ ಪದ: ಇಲ್ಲ.

ಈ 'ಇಲ್ಲ' ಎಂಬುದು ನಿಜವೇ? ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ನೋಡೋಣ.

ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ ಮನೆಗಳಿವೆ. ಸೊಪ್ಪು ಮುರಿದು, ಕೋಲಿಗೆ ಕಟ್ಟಿ, ಬ್ಯಾರನ್ನಿಗೆ ತುಂಬಿ, ಐದಾರು ದಿನ ಹಗಲೂ ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಶಾಖ ಏರಿಸುತ್ತ ಎಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಒಂದು ರಾತ್ರಿ ಕಣ್ಣು ತಪ್ಪಿದರೆ ಬ್ಯಾರನ್ನಿನ ಸೊಪ್ಪೇ ಹಾಳು. ಆಮೇಲೆ ಬಣ್ಣ ನೋಡಿ ದರ್ಜೆ ವಿಂಗಡಿಸಿ ರಾಮನಾಥಪುರದ ಹರಾಜಿಗೆ ಒಯ್ಯಬೇಕು. ಮೂರು ಹಂಗಾಮು ತಂದೆಯೊಡನೆ ಈ ಕೆಲಸ ಮಾಡಿದ ಬಿ.ಎಸ್‌ಸಿ. ಹುಡುಗ ತನಗೆ ಅನುಭವ ಇಲ್ಲವೆಂದು ಬರೆಯುತ್ತಾನೆ. ಶಾಖದ ಅಳತೆ ಇಟ್ಟುಕೊಳ್ಳುವುದು, ಸರಕಿನ ದರ್ಜೆ ಗುರುತಿಸುವುದು, ರಾತ್ರಿ ಪಾಳಿ ಕಾಯುವುದು, ಇವೇ ಕೆಲಸಗಳಿಗೆ ಕಾರ್ಖಾನೆಗಳು ಜಾಹೀರಾತು ಕೊಟ್ಟು ಜನ ಹುಡುಕುತ್ತವೆ.

ಹೊಳೆನರಸೀಪುರದ ಹಳ್ಳಿಗಳಲ್ಲಿ ಹಾಲಿನ ಡೈರಿಯಿದೆ. ಬೆಳಗ್ಗೆ ಸಂಜೆ ಹಾಲು ಅಳೆದು, ಕೊಬ್ಬಿನಂಶ ಪರೀಕ್ಷಿಸಿ, ಪ್ರತಿಯೊಬ್ಬ ಉತ್ಪಾದಕನ ಲೆಕ್ಕ ಬರೆಯುವ ಕೆಲಸಕ್ಕೆ ಕಾಲೇಜು ಹುಡುಗಿಯರು ಕೈಜೋಡಿಸುವುದುಂಟು. ಚನ್ನರಾಯಪಟ್ಟಣದ ಕಡೆ ತೆಂಗು, ಕೊಬ್ಬರಿ. ಮಂಡಿಯಲ್ಲಿ ವಿಂಗಡಣೆ, ತೂಕ, ಪಟ್ಟಿ ಬರೆಯುವುದು. ಹಾಸನದಲ್ಲಿ ಮುಂಗಾರಿಗೆ ಮೊದಲು ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಬಂದಾಗ ಎ.ಪಿ.ಎಂ.ಸಿ. ಅಂಗಳದಲ್ಲಿ ಚೀಲಗಳ ಲೆಕ್ಕ. ಜವಳಿ ವಲಯದಲ್ಲಿ ರಜೆಯ ತಿಂಗಳುಗಳಲ್ಲಿ ಚೆಕ್ಕಿಂಗು, ಪ್ಯಾಕಿಂಗು. ಪೇಟೆಯ ಅಂಗಡಿಗಳಲ್ಲಿ ಸಂಜೆ ಬಿಲ್ಲು ಹಾಕುವುದು, ತಿಂಗಳ ಕೊನೆಗೆ ಜಿ.ಎಸ್.ಟಿ. ಲೆಕ್ಕಕ್ಕೆ ಬಿಲ್ಲುಗಳನ್ನು ಜೋಡಿಸಿಕೊಡುವುದು.

ಇಷ್ಟೆಲ್ಲ ಮಾಡಿದವರು 'ಇಲ್ಲ' ಎಂದು ಬರೆಯುವುದೇಕೆ? ತಕ್ಕಡಿ ಹಿಡಿದದ್ದನ್ನು, ಗೊಬ್ಬರ ಹೊತ್ತದ್ದನ್ನು, ಮಿಷನ್ನಿನ ಮುಂದೆ ಕೂತದ್ದನ್ನು ಓದಿದವನು ಹೇಳಿಕೊಳ್ಳಬಾರದೆಂಬ ನಾಚಿಕೆಯನ್ನು ನಾವೇ ಅವರಿಗೆ ಕಲಿಸಿದ್ದೇವೆ. 'ನೀನು ಓದಿ ಈ ಕೆಲಸದಿಂದ ಪಾರಾಗು' ಎಂದು ಹೇಳುತ್ತ ಹೇಳುತ್ತ ಈ ಕೆಲಸ ಕೆಲಸವೇ ಅಲ್ಲವೆಂಬ ಭಾವನೆ ಅವರಲ್ಲಿ ಬೇರೂರಿತು. ಮೊದಲು ಹೋಗಬೇಕಾದ್ದು ಈ ನಾಚಿಕೆ.

ಬರೆಯುವುದು ಹೇಗೆ?

ಮಾಡಿದ ಪ್ರತಿಯೊಂದು ಕೆಲಸಕ್ಕೂ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಎಲ್ಲಿ? ಯಾವಾಗಿನಿಂದ ಯಾವಾಗಿನವರೆಗೆ? ಏನು ಮಾಡಿದೆ? ಎಷ್ಟು? 'ಪರಿಶ್ರಮಿ, ಪ್ರಾಮಾಣಿಕ' ಎಂದು ಬರೆಯುವ ಬದಲು ಹೀಗೆ ಬರೆಯಲಿ: 'ಎರಡು ವರ್ಷ, ಕಾಲೇಜಿನ ನಂತರ ಸಂಜೆ ಐದರಿಂದ ಎಂಟರವರೆಗೆ, ಹೊಳೆನರಸೀಪುರದ ದಿನಸಿ ಅಂಗಡಿಯಲ್ಲಿ ಕಂಪ್ಯೂಟರ್ ಬಿಲ್ಲು ಹಾಕಿದ್ದೇನೆ. ದಿನಕ್ಕೆ ಸುಮಾರು ಅರವತ್ತು ಬಿಲ್ಲು. ರಾತ್ರಿ ಗಲ್ಲಾಪೆಟ್ಟಿಗೆಯ ಹಣ ತಾಳೆ ನೋಡಿ ಒಪ್ಪಿಸುತ್ತಿದ್ದೆ.' ಎರಡು ವರ್ಷ ಹಣದ ಪೆಟ್ಟಿಗೆ ನಂಬಿ ಒಪ್ಪಿಸಿದರೆಂದ ಮೇಲೆ ಪ್ರಾಮಾಣಿಕ ಎಂಬ ಪದವನ್ನು ಬೇರೆ ಬರೆಯಬೇಕಾಗಿಲ್ಲ.

ಅರವತ್ತನ್ನು ಇನ್ನೂರು ಮಾಡಬಾರದು. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಸುಳ್ಳು ಬಯಲಾಗುತ್ತದೆ. ನಿಜವಾದ ಸಣ್ಣ ಲೆಕ್ಕಕ್ಕಾದರೆ ಎಷ್ಟು ಪ್ರಶ್ನೆ ಕೇಳಿದರೂ ಉತ್ತರವಿರುತ್ತದೆ.

ಇನ್ನೊಂದು ಸಂಗತಿ. ಒಂದೇ ಹಾಳೆಯನ್ನು ಎಲ್ಲ ಕಡೆಗೂ ಕಳಿಸಬಾರದು. ಇಟಲಿಯ ಲಿಯೊನಾರ್ಡೊ ಡಾ ವಿಂಚಿಯ ಹೆಸರನ್ನು ಕೇಳಿದ್ದೀರಿ. ಜಗತ್ತು ಅವನನ್ನು ಚಿತ್ರಕಾರನೆಂದು ಬಲ್ಲದು. ಅವನು ಸುಮಾರು 1482ರಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ. ಅದರಲ್ಲಿ ಮೊದಲು ಹೇಳಿರುವುದು ಹೊತ್ತೊಯ್ಯಬಹುದಾದ ಹಗುರ ಸೇತುವೆ ಕಟ್ಟುವೆನೆಂದು, ಕೋಟೆಯ ಕಂದಕದ ನೀರು ಖಾಲಿ ಮಾಡುವೆನೆಂದು, ಫಿರಂಗಿ ಮಾಡುವೆನೆಂದು. ಚಿತ್ರ ಬರೆಯಬಲ್ಲೆನೆಂಬ ಮಾತು ಬರುವುದು ಕೊನೆಯಲ್ಲಿ. ಏಕೆಂದರೆ ಆ ಅಧಿಪತಿಗೆ ಬೇಕಾಗಿದ್ದದ್ದು ಯುದ್ಧದ ಸಾಮಗ್ರಿ. ಕೊಡುವವನಿಗೆ ಯಾವುದು ಬೇಕೋ ಅದನ್ನು ಮೊದಲು ಹೇಳಿದ. ನಮ್ಮ ಹುಡುಗಿ ಬ್ಯಾಂಕಿಗೆ ಬರೆಯುವಾಗ ಡೈರಿಯ ಲೆಕ್ಕವನ್ನು ಮೇಲೆ ಬರೆಯಲಿ; ಹಾಲು, ಆಹಾರ ಪದಾರ್ಥಗಳ ಕಾರ್ಖಾನೆಗೆ ಬರೆಯುವಾಗ ಹಾಲಿನ ಪರೀಕ್ಷೆಯನ್ನು ಮೇಲೆ ಬರೆಯಲಿ. ಎರಡೂ ನಿಜವೇ, ಬದಲಾಗುವುದು ಕ್ರಮ ಮಾತ್ರ.

ಹೊಸದಾಗಿ ಓದು ಮುಗಿಸಿದವರಿಗೆ ಒಂದು ಪುಟ ಸಾಕು. ಬಣ್ಣದ ಅಂಚು, ಚೌಕಗಳು ಬೇಡ. ದೊಡ್ಡ ಕಂಪನಿಗಳಲ್ಲಿ ಅನೇಕವು ಈಗ ಅರ್ಜಿಗಳನ್ನು ಮೊದಲು ಕಂಪ್ಯೂಟರಿನಿಂದಲೇ ಜರಡಿ ಹಿಡಿಸುತ್ತವೆ. ಅಲಂಕಾರ ಹೆಚ್ಚಾದರೆ ಯಂತ್ರಕ್ಕೆ ಅಕ್ಷರ ಸರಿಯಾಗಿ ಸಿಗದೆ ಹೋಗಬಹುದು. ಜಾಹೀರಾತಿನಲ್ಲಿ ಕೆಲಸಕ್ಕೆ ಯಾವ ಹೆಸರಿಟ್ಟಿದ್ದಾರೋ, ಬಲ್ಲ ಕೆಲಸವಾದರೆ ಆ ಹೆಸರನ್ನೇ ಬಳಸಬೇಕು. ಫೋನ್ ನಂಬರು ತನ್ನದೇ ಆಗಿರಬೇಕು, ಕರೆ ಬಂದಾಗ ಎತ್ತಬೇಕು.

ಹೆಸರಿನ ಕಾಗುಣಿತದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಚನ್ನರಾಯಪಟ್ಟಣವನ್ನು ಇಂಗ್ಲಿಷಿನಲ್ಲಿ ಒಬ್ಬರು 'ಚನ್ನ' ಎಂದೂ ಇನ್ನೊಬ್ಬರು 'ಚೆನ್ನ' ಎಂದೂ ಬರೆಯುತ್ತಾರೆ. ಅರಕಲಗೂಡು, ಹೊಳೆನರಸೀಪುರಗಳ ಗತಿಯೂ ಅದೇ. ಊರಿನ ಹೆಸರು ಹೇಗೋ ನಡೆದೀತು. ಮನುಷ್ಯನ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ, ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೆ ದಾಖಲೆ ಪರಿಶೀಲನೆಯ ದಿನ ತೊಂದರೆ. ಓದು ಮುಗಿಯುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಬೇಕು. ಹಾಳೆಯಲ್ಲಿ ಹೆಸರು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರಲಿ.

ಭಾಷೆಯ ಮಾತು. ಹಾಳೆ ಇಂಗ್ಲಿಷಿನಲ್ಲಿದ್ದರೂ ಕನ್ನಡ ಓದಲು ಬರೆಯಲು ಬರುತ್ತದೆಂಬುದನ್ನು ಮೊದಲು ಬರೆಯಬೇಕು. ಕನ್ನಡ ಬೆರಳಚ್ಚು, ನುಡಿ ತಂತ್ರಾಂಶ, ಟ್ಯಾಲಿ ಬಂದರೆ ಅದನ್ನೂ ಬರೆಯಬೇಕು. ಮನೆಯಲ್ಲಿ ಉರ್ದುವೋ ತೆಲುಗೋ ತಮಿಳೋ ತುಳುವೋ ಆಡುತ್ತಿದ್ದರೆ ಅದೂ ಒಂದು ಯೋಗ್ಯತೆಯೇ. ಗಿರಾಕಿಯೊಡನೆ ಅವನ ಭಾಷೆಯಲ್ಲಿ ಮಾತಾಡಬಲ್ಲವನ ಬೆಲೆ ವರ್ತಕರಾದ ನಿಮಗೆ ಚೆನ್ನಾಗಿ ಗೊತ್ತು.

ಜಾತಿ, ಧರ್ಮ, ತಂದೆಯ ಉದ್ಯೋಗ, ಮದುವೆಯ ವಿಷಯಗಳು ಖಾಸಗಿ ಕಂಪನಿಯ ಅರ್ಜಿಗೆ ಬೇಕಿಲ್ಲ. ಇದು ನಾಚಿಕೆಯ ಮಾತಲ್ಲ, ಎಚ್ಚರಿಕೆಯ ಮಾತು. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಎಂಬ ವಿದ್ವಾಂಸರು 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಅವರು 4,800ಕ್ಕೂ ಹೆಚ್ಚು ಅರ್ಜಿ ಕಳಿಸಿದರು. ಓದು, ಯೋಗ್ಯತೆ ಸಮಾನ. ಹೆಸರು ಮಾತ್ರ ಬೇರೆ. ಮೇಲುಜಾತಿಯ ಹಿಂದೂ ಹೆಸರಿನವರಿಗೆ ಕರೆ ಬರುವ ಸಂಭವಕ್ಕೆ ಹೋಲಿಸಿದರೆ ದಲಿತ ಹೆಸರಿನವರ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು, ಮುಸಲ್ಮಾನ ಹೆಸರಿನವರ ಸಂಭವ ಸುಮಾರು ಮೂರರಲ್ಲಿ ಒಂದು ಪಾಲು. ಅಮೆರಿಕದ ಬಾಸ್ಟನ್, ಚಿಕಾಗೋಗಳಲ್ಲಿ ಇದೇ ರೀತಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಬಿಳಿಯರ ಹೆಸರಿಗೆ ಕರಿಯರ ಹೆಸರಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಕರೆ ಬಂದಿತ್ತು. ಜಾತಿಯ ಸಾಲನ್ನು ಹಾಳೆಯಿಂದ ತೆಗೆಯಬಹುದು, ಹೆಸರನ್ನು ತೆಗೆಯಲಾಗದು. ಹಾಳೆ ಎಷ್ಟೇ ಚೆನ್ನಾಗಿದ್ದರೂ ಓದುವವನ ಕಣ್ಣಿನ ದೋಷವನ್ನು ಅದು ಸರಿಮಾಡದು. ಅದಕ್ಕೆ ಕಾಯಿದೆ ಬೇಕು, ಸಂಘಟನೆ ಬೇಕು. ನಮ್ಮ ಮೈಸೂರು ಸೀಮೆಯಲ್ಲಿ 1918ರಲ್ಲಿಯೇ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ದೊರಕಿಸುವ ವಿಚಾರವನ್ನು ಎತ್ತಿಕೊಂಡದ್ದು ಇದೇ ಕಾರಣದಿಂದ.

ಸರ್ಕಾರಿ ನೌಕರಿಯ ಅರ್ಜಿಗೆ ನಿಯಮ ಬೇರೆ. ಅಲ್ಲಿ ಮೀಸಲು ಕೇಳುವವರು ಜಾತಿ ಬರೆಯಲೇಬೇಕು, ಪತ್ರವೂ ಬೇಕು. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಿದೆ. ಎರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿದ್ದಕ್ಕೆ ಶಾಲೆಯ ಪತ್ರ ಬೇಕು. ಪ್ರಕಟಣೆಯಲ್ಲಿ ಹೇಳಿದ ತಾರೀಖಿನೊಳಗೆ ಅದು ಕೈಯಲ್ಲಿಲ್ಲದಿದ್ದರೆ ಇರುವ ಹಕ್ಕೂ ಕೈತಪ್ಪುತ್ತದೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದು ಕೊರತೆಯೆಂದು ತಿಳಿದ ನಮ್ಮ ಮಕ್ಕಳಿಗೆ ಅದೇ ಒಂದು ಹಕ್ಕೆಂದು ಹೇಳಿಕೊಡಬೇಕು.

ಬರೆದದ್ದಕ್ಕೆ ಸಾಕ್ಷಿ ಯಾರು?

ಇಲ್ಲಿಯವರೆಗೆ ಮಕ್ಕಳಿಗೆ ಹೇಳಿದೆವು. ಇನ್ನು ನಮಗೆ ನಾವೇ ಹೇಳಿಕೊಳ್ಳಬೇಕಾದ್ದಿದೆ. ಹುಡುಗ 'ಅಂಗಡಿಯಲ್ಲಿ ಎರಡು ವರ್ಷ ದುಡಿದೆ' ಎಂದು ಬರೆದ. ಸಾಕ್ಷಿಯೇನು ಎಂದು ಕೇಳುತ್ತಾರೆ. ಕೊಡಬೇಕಾದವರು ಯಾರು? ಈ ಸಭೆಯಲ್ಲಿ ಕೂತಿರುವ ವರ್ತಕ ಬಂಧುಗಳೇ.

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಲ್ಲಿ, ನೌಕರನನ್ನು ತೆಗೆದುಕೊಂಡ 30 ದಿನಗಳೊಳಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕೆಂಬ ವಿಧಿಯನ್ನು ಸೇರಿಸಲಾಗಿದೆ. ಸಣ್ಣ ಅಂಗಡಿಗಳಲ್ಲಿ ಇದನ್ನು ಪಾಲಿಸುವವರು ಎಷ್ಟು ಮಂದಿ ಎಂಬುದನ್ನು ನೀವೇ ಎದೆ ಮುಟ್ಟಿ ಹೇಳಿಕೊಳ್ಳಿ. ಕೊಟ್ಟರೆ ನಾಳೆ ಹುಡುಗ ಹಕ್ಕು ಕೇಳಿಯಾನೆಂಬ ಅಂಜಿಕೆ ಕೆಲವರಿಗೆ. ನಿಮ್ಮ ಮಗನೂ ಒಂದು ದಿನ ಇನ್ನೊಬ್ಬರ ಬಾಗಿಲಲ್ಲಿ ಹೀಗೆಯೇ ನಿಲ್ಲುತ್ತಾನೆಂಬುದನ್ನು ಮರೆಯಬೇಡಿ. ಹುಡುಗ ಕೆಲಸ ಬಿಟ್ಟು ಹೋಗುವಾಗ ಅಂಗಡಿಯ ಹೆಸರಿರುವ ಕಾಗದದಲ್ಲಿ ನಾಲ್ಕು ಸಾಲು ಬರೆದು, ಸಹಿ ಮಾಡಿ, ಮೊಹರು ಹಾಕಿ ಕೊಡಿ. ಇಂಥ ದಿನದಿಂದ ಇಂಥ ದಿನದವರೆಗೆ ಇದ್ದ, ಇಂಥ ಕೆಲಸ ಮಾಡಿದ, ಹಣದ ವ್ಯವಹಾರ ಸರಿಯಾಗಿತ್ತು ಎಂದಿದ್ದರೆ ಸಾಕು. ಹೊಗಳಿಕೆ ಬೇಡ. ನಿಮಗೆ ಇದಕ್ಕೆ ಹತ್ತು ನಿಮಿಷ. ಅವನಿಗೆ ಎರಡು ವರ್ಷದ ದುಡಿಮೆ ಉಳಿಯುತ್ತದೆ. ಮಾಡದ ಕೆಲಸಕ್ಕೆ ಮಾತ್ರ ಪರಿಚಯದ ದಾಕ್ಷಿಣ್ಯಕ್ಕೂ ಪತ್ರ ಕೊಡಬೇಡಿ. ಸುಳ್ಳು ಪತ್ರವೊಂದು ಸಿಕ್ಕಿಬಿದ್ದರೆ ಆಮೇಲೆ ನೀವು ಬರೆದ ನಿಜವಾದ ಪತ್ರಕ್ಕೂ ಬೆಲೆಯಿರದು.

ಗಿರಣಿಯ ಸಂಗಾತಿಗಳಿಗೂ ಒಂದು ಮಾತು. ನಮ್ಮ ಹೆಣ್ಣುಮಕ್ಕಳು ಓದಿನ ನಡುವೆ ಒಂದು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದು ಮತ್ತೆ ಕಾಲೇಜಿಗೆ ಹೋಗುವುದುಂಟು. ಗುತ್ತಿಗೆದಾರನ ಕೈಕೆಳಗೆ ಕೆಲಸ. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಆ ವರ್ಷ ವ್ಯರ್ಥವಾಯಿತೆಂದು ತಿಳಿಯಬೇಡಿ. ಭವಿಷ್ಯನಿಧಿಗೆ ಹಣ ಕಟ್ಟಿದ್ದರೆ 2014ರಲ್ಲಿ ಬಂದ ಯು.ಎ.ಎನ್. ಎಂಬ 12 ಅಂಕಿಯ ನಂಬರಿನಿಂದ ಪಾಸ್‌ಬುಕ್ ತೆಗೆಯಬಹುದು. ಯಾವ ಮಾಲೀಕನ ಬಳಿ ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಹಣ ಕಟ್ಟಿದೆಯೆಂಬುದು ಅದರಲ್ಲಿರುತ್ತದೆ. ಇದಕ್ಕಿಂತ ಗಟ್ಟಿಯಾದ ಅನುಭವಪತ್ರ ಬೇರೆ ಬೇಕೇ? ಅದರಲ್ಲಿ ಗಿರಣಿಯ ಹೆಸರಿಗೆ ಬದಲಾಗಿ ಗುತ್ತಿಗೆದಾರನ ಹೆಸರಿರಬಹುದು. ಹಾಗಿದ್ದರೆ ಹಾಳೆಯಲ್ಲಿ ಎರಡನ್ನೂ ಬರೆಯಬೇಕು: ಇಂಥ ಗುತ್ತಿಗೆದಾರರ ಮೂಲಕ, ಇಂಥ ಕಾರ್ಖಾನೆಯಲ್ಲಿ.

ಪ್ರತಿಯೊಬ್ಬ ನೌಕರನಿಗೂ ನೇಮಕಾತಿ ಪತ್ರ ಕೊಡಬೇಕೆಂದು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೇಳುತ್ತದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಗಳಿಗೆ ಆಕ್ಷೇಪಣೆಗಳು ಅನೇಕ ಇವೆ, ಆ ಚರ್ಚೆ ಬೇರೆ. ಬರೆದಿರುವ ಈ ಒಂದು ಮಾತನ್ನಾದರೂ ಕೇಳಿ ಪಡೆಯುವುದು ನಮ್ಮ ಕೆಲಸ. ಒಬ್ಬನೇ ಕೇಳಿದರೆ ನಾಳೆ ಬರಬೇಡ ಎಂದಾರು; ಪಾಳಿಯವರೆಲ್ಲ ಕೂಡಿ ಕೇಳಿದರೆ ಹಾಗೆನ್ನುವುದು ಕಷ್ಟ.

ಐ.ಟಿ.ಐ., ಡಿಪ್ಲೊಮಾ ಮಾಡಿದವರಿಗೆ 1961ರ ಅಪ್ರೆಂಟಿಸ್ ಕಾಯಿದೆ ಇದೆ. 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಸೇರುವ ದಿನವೇ ಕರಾರು ನೋಂದಣಿಯಾಗಿದೆಯೇ ಎಂದು ಕೇಳಬೇಕು. ನೋಂದಣಿಯಿಲ್ಲದೆ ವರ್ಷ ದುಡಿದರೆ ಕೊನೆಗೆ ಕಾಯಿದೆಯ ಪ್ರಕಾರದ ಪ್ರಮಾಣಪತ್ರ ಸಿಗದು. ಅಪ್ರೆಂಟಿಸನು ಕಾರ್ಮಿಕನಲ್ಲವೆಂದು ಅದೇ ಕಾಯಿದೆ ಹೇಳುವುದರಿಂದ, ಕಲಿಸದೆ ಅಗ್ಗದ ಕೂಲಿಗೆ ದುಡಿಸಿಕೊಳ್ಳುವುದಕ್ಕೂ ಅಲ್ಲಿ ದಾರಿಯಿದೆ. ಪಕ್ಕದ ಮಿಷನ್ನಿನಲ್ಲಿರುವ ಹಿರಿಯ ಕಾರ್ಮಿಕರು ಈ ಮಕ್ಕಳ ಮೇಲೆ ಕಣ್ಣಿಟ್ಟಿರಬೇಕು.

ಎಚ್ಚರಿಕೆಯ ಎರಡು ಮಾತು. ಕೆಲಸ ಕೊಡಿಸುತ್ತೇನೆಂದು ಹಣ ಕೇಳುವವನನ್ನು ನಂಬಬೇಡಿ. ಅಂಕಪಟ್ಟಿಯ ಮೂಲಪ್ರತಿಯನ್ನು ತೋರಿಸಿ ವಾಪಸು ತನ್ನಿ; ಯಾರ ಬಳಿಯೂ ಬಿಟ್ಟುಬರಬೇಡಿ. ಮೂಲಪ್ರತಿ ಇನ್ನೊಬ್ಬನ ಕಪಾಟಿನಲ್ಲಿದ್ದರೆ ಹುಡುಗ ಅಲ್ಲಿಂದ ಕದಲುವಂತಿಲ್ಲ.

ಬಂಧುಗಳೇ, ಹಾಳೆ ಚೆನ್ನಾಗಿ ಬರೆದ ಮಾತ್ರಕ್ಕೆ ಇಲ್ಲದ ಕೆಲಸ ಹುಟ್ಟುವುದಿಲ್ಲ. ಹತ್ತು ಹುದ್ದೆಗೆ ಸಾವಿರ ಅರ್ಜಿ ಬಂದರೆ ಒಂಬೈನೂರ ತೊಂಬತ್ತು ಮಂದಿ ಹಿಂದಕ್ಕೆ ಬರಲೇಬೇಕು. ಅವರೆಲ್ಲರ ಹಾಳೆ ಕೆಟ್ಟದ್ದೆಂದಲ್ಲ. ಆದ್ದರಿಂದ ಇಪ್ಪತ್ತು ಅರ್ಜಿ ಹಾಕಿಯೂ ಉತ್ತರ ಬಾರದ ಮಗನನ್ನು ಊಟದ ಹೊತ್ತಿನಲ್ಲಿ ಹಂಗಿಸಬೇಡಿ. ಖಾಲಿ ಹುದ್ದೆಗಳನ್ನು ತುಂಬಿರೆಂದು ಸರ್ಕಾರವನ್ನು ಕೇಳುವುದು ಒಂದು ಕೆಲಸ. ಅದನ್ನು ನಾವು ಬಿಡುವುದಿಲ್ಲ. ಇರುವ ಕೆಲಸಕ್ಕೆ ನಮ್ಮ ಮಕ್ಕಳ ಯೋಗ್ಯತೆ ಕಾಣುವಂತೆ ಮಾಡುವುದು ಇನ್ನೊಂದು ಕೆಲಸ. ಅದನ್ನು ನಾಳೆಯಿಂದಲೇ ಮಾಡಬಹುದು.

ನಮ್ಮ ಸಲಹೆ ಇಷ್ಟೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕೂ ಕಡೆ ಸಂಘದ ಕೋಣೆಯಲ್ಲೋ ಅಂಗಡಿಯ ಜಗಲಿಯಲ್ಲೋ ವಾರಕ್ಕೆ ಒಂದು ಸಂಜೆ ಮಕ್ಕಳನ್ನು ಕೂರಿಸಿ. ಇಂಗ್ಲಿಷ್ ಬಲ್ಲ ಒಬ್ಬ ಮೇಷ್ಟರು, ಲೆಕ್ಕ ಬಲ್ಲ ಒಬ್ಬ ವರ್ತಕರು, ಗಿರಣಿಯ ಒಬ್ಬ ಹಿರಿಯ ಕಾರ್ಮಿಕರು ಜೊತೆಗಿರಲಿ. ಮಕ್ಕಳು ತಾವು ಮಾಡಿದ ಕೆಲಸವನ್ನು ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ಹೇಳಲಿ, ಆಮೇಲೆ ಬರೆಯಲಿ. ಒಬ್ಬರ ಹಾಳೆಯನ್ನು ಇನ್ನೊಬ್ಬರು ಓದಲಿ. 'ಅನುಭವ ಇಲ್ಲ' ಎಂದು ಬರೆದ ಹಾಳೆ ಬಂದರೆ ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಹೋದ ಬೇಸಿಗೆ ರಜೆಯಲ್ಲಿ ಎಲ್ಲಿದ್ದೆ, ಏನು ಮಾಡಿದೆ ಎಂದು ಕೇಳಿ. ಯಾವ ಊರಿನಲ್ಲಿ ಯಾವ ವಾರ ಸೇರುವುದೆಂಬುದನ್ನು ಈ ಸಭೆ ಮುಗಿಯುವ ಮೊದಲೇ ಗೊತ್ತುಮಾಡಿಕೊಳ್ಳೋಣ.